ಗಂಟಲ ಮೇಲೆ ಹತ್ತು ಎಣಿಕೆ

— ಮೊದಲು ಆ ರೇಜರ್ ಕೆಳಗಿಡು. ಆಮೇಲೆ ಮಾತು.

— ಅರ್ಧ ಗಡ್ಡಕ್ಕೆ ಕೆಳಗಿಡು ಅಂದ್ರೆ ಹೇಗೋ? ಸುಮ್ನೆ ಕೂತ್ಕೋ.

— ಕನ್ನಡಿಯಲ್ಲಿ ನಿನ್ನ ಮುಖ ನೋಡ್ಕೋ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ನನ್ನ ಗಂಟಲ ಮೇಲೆ ರೇಜರ್ ಇಟ್ಟು ಏಳು, ಎಂಟು ಅಂತ ಎಣಿಸ್ತಿದ್ದೀಯ. ಹತ್ತಾದ ಮೇಲೆ ಏನು ಮಾಡೋನಿದ್ದೆ?

ಸಲೂನಿನವನ ಕೆನ್ನೆ ಬಿಸಿಯಾಯಿತು. ಮನಸ್ಸಿನಲ್ಲೇ ಎಣಿಸುತ್ತಿದ್ದೇನೆ ಅಂದುಕೊಂಡಿದ್ದ ಪುಣ್ಯಾತ್ಮ ಬಾಯಿಬಿಟ್ಟೇ ಎಣಿಸಿದ್ದ. ಕುರ್ಚಿಯಲ್ಲಿದ್ದವನು ಮೂವತ್ತು ವರ್ಷದ ಗೆಳೆಯ, ಆ ಬೀದಿಯ ಪೋಸ್ಟ್‌ಮ್ಯಾನ್. ಅರ್ಧ ಮುಖಕ್ಕೆ ನೊರೆ ಮೆತ್ತಿದ್ದರೂ ಎದ್ದು ಓಡುವ ಹವಣಿಕೆಯಲ್ಲಿದ್ದ.

— ಹೋದ ತಿಂಗಳು ಆ ಹೊಸ ಸಲೂನಿಗೆ ಹೋಗಿದ್ದೆ, ನಿಜ. ಅದಕ್ಕೆ ಈ ಸಿಟ್ಟಾ?

— ನೀನೂ ಹೋಗಿದ್ಯಾ?

— ಇನ್ನೇನು ಮಾಡ್ಲಿ? ಒಂದು ಕಟಿಂಗ್‌ಗೆ ಮೂರು ಸಲ ಹಿಂದುಗಡೆ ಓಡ್ತೀಯ. ಕುಡಿತ ಹೆಚ್ಚಾಗಿದೆ ಅಂತಾರೆ ಜನ.

— ಕುಡಿತಾನಾ? ನಾನು ನೀರು ಕುಡಿಯೋದನ್ನೇ ಬಿಟ್ಟಿದ್ದೀನಿ ಕಣೋ.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಪ್ರಾಸ್ಟೇಟ್ ಆಪರೇಷನ್ ಆಗಿ ಮೂರು ತಿಂಗಳು. ಕೆಮ್ಮಿದರೆ, ಬಗ್ಗಿದರೆ ಮೂತ್ರ ತಾನಾಗಿ ಜಾರುತ್ತದೆ. ಅದನ್ನು ತಡೆಯುವ ಸ್ನಾಯುವನ್ನು ಬಿಗಿಹಿಡಿದು, ಹತ್ತು ಎಣಿಸಿ ಬಿಡಬೇಕೆಂದು ಡಾಕ್ಟರು ಹೇಳಿದ್ದಾರೆ. ಸದ್ಯಕ್ಕೆ ಅಂಗಡಿಯ ಟವೆಲನ್ನೇ ಮಡಚಿ ಒಳಗಿಟ್ಟುಕೊಳ್ಳುತ್ತಿದ್ದೇನೆ, ಎಂದೆಲ್ಲ ಒದರಿಬಿಟ್ಟ. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿದ್ದರು. ಹೀಗೇ ಆದರೆ ಅಪ್ಪನ ಕಾಲದ ಅಂಗಡಿಗೆ ಬಾಗಿಲು ಹಾಕಬೇಕಲ್ಲ ಎಂಬ ಭಯ ನಾಚಿಕೆಗಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿತ್ತು.

ಪೋಸ್ಟ್‌ಮ್ಯಾನ್ ಕೊರಳಿನ ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

— ಇದೇನಾ ಅದು?

— ಥೂ, ಅದು ನೀಲಿದು. ಬೇರೆ ಇಟ್ಟಿದ್ದೀನಿ.

— ಅದಕ್ಕಂತಲೇ ಪ್ಯಾಡ್ ಸಿಗುತ್ತೆ ಮೆಡಿಕಲ್ ಶಾಪಲ್ಲಿ. ನೀರು ಬಿಡು ಅಂತ ಡಾಕ್ಟರು ಹೇಳಿದ್ರಾ?

— ಇಲ್ಲ. ಅದು ನನ್ನದೇ ಬುದ್ಧಿ.

— ಭಾರಿ ಬುದ್ಧಿ. ನೀರು ಕಮ್ಮಿಯಾದ್ರೆ ಒಳಗೆ ಉರಿದು ಇನ್ನೂ ಅವಸರ ಆಗುತ್ತೆ. ಕಾಫಿ ಕಮ್ಮಿ ಮಾಡು. ಮತ್ತೆ ಬಿಗಿ ಹಿಡಿಯೋದು ಕೆಳಗೆ ಮಾತ್ರ. ಹಲ್ಲು, ಹೊಟ್ಟೆ, ತೊಡೆ ಎಲ್ಲಾ ಸಡಿಲ ಇರಬೇಕು. ಉಸಿರು ಕಟ್ಟಬಾರದು. ಪಕ್ಕದಲ್ಲಿರೋನಿಗೂ ಗೊತ್ತಾಗಬಾರದು.

— ಕಾಗದ ಹಂಚೋನು ಯಾವಾಗಿಂದ ಡಾಕ್ಟರಾದೆ?

— ಎರಡು ವರ್ಷದ ಹಿಂದೆ ನನಗೂ ಅದೇ ಆಪರೇಷನ್. ಹರ್ನಿಯಾ ಅಂತ ಊರಿಗೆಲ್ಲ ಸುಳ್ಳು ಹೇಳಿದ್ದೆ. ನೀನು ನೊರೆ ಹಚ್ಚೋವಾಗ ಈ ಕುರ್ಚಿಯಲ್ಲೇ ನಾನು ಆ ವ್ಯಾಯಾಮ ಒಂದು ಸುತ್ತು ಮುಗಿಸಿದೆ. ಗೊತ್ತಾಯ್ತಾ ನಿನಗೆ?

ಸಲೂನಿನವ ಕುರ್ಚಿಯನ್ನೊಮ್ಮೆ, ಗೆಳೆಯನ ಮುಖವನ್ನೊಮ್ಮೆ ನೋಡಿದ. ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದ ಹಾಗಾಯಿತು. ಆದರೂ ಕೇಳದಿರಲು ಆಗಲಿಲ್ಲ.

— ಈಗ ಪೂರ್ತಿ ನಿಂತಿದೆಯೇನೋ?

— ನನಗೂ ಇವತ್ತಿನವರೆಗೆ ಅನುಮಾನ ಇತ್ತು. ನೀನು ಗಂಟಲ ಮೇಲೆ ರೇಜರ್ ಇಟ್ಟು ಕಣ್ಣು ಮುಚ್ಚಿದೆಯಲ್ಲ, ಆಗಲೂ ಒಂದು ಹನಿ ಜಾರಲಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಡಾಕ್ಟರೂ ಮಾಡಲ್ಲ ಬಿಡು.