ಮಂಡಿ ಗುರುಸಿದ್ದಯ್ಯನವರ ಮುಖ

ಫೋಟೋ ತೆಗೆಸಿಕೊಳ್ಳದೆ ಸತ್ತರೆ ಬದುಕಿರುವ ಪೇಂಟರುಗಳ ಗತಿಯೇನೆಂದು ಯಾರೂ ಯೋಚಿಸುವುದಿಲ್ಲ. ಚಾಮರಾಜನಗರದ ಅರಿಸಿನ ಮಂಡಿ ಗುರುಸಿದ್ದಯ್ಯನವರೂ ಯೋಚಿಸಿರಲಿಲ್ಲ. ಈಗ ಅವರ ಮಗ ಮರಿಯಪ್ಪನಿಗೆ, ಮನೆ ಮುಂದಿನ ಮಂಡಿಯ ಬೋರ್ಡಿನ ಮೇಲೆ ಅಪ್ಪನ ಮುಖ ಬೇಕಾಗಿತ್ತು. ಬೋರ್ಡು ಬರೆಯುವ ಕರಿಬಸವಯ್ಯನಿಗೆ ಸಂಜೆಯ ಗುಂಡ್ಲುಪೇಟೆ ಬಸ್ಸು ಬೇಕಾಗಿತ್ತು.

ಗುಂಡ್ಲುಪೇಟೆಯ ಟೆಂಟ್ ಸಿನಿಮಾದವರು ಪೋಸ್ಟರ್ ಬರೆಯುವ ಕಾಯಂ ಕೆಲಸ ಕೊಡುವುದಾಗಿ ಹೇಳಿದ್ದರು. ಇವತ್ತಿನ ಆಟ ಶುರುವಾಗುವುದರೊಳಗೆ ಕುಂಚ ಸಮೇತ ಬರಬೇಕು, ಇಲ್ಲದಿದ್ದರೆ ಬೇರೆಯವನು. ಅಲ್ಲಿ ನೋಡಿ ಬರೆಯಲು ಫೋಟೋ ಇರುತ್ತದೆ. ಮೂಗು ಸರಿಯಿಲ್ಲ ಎನ್ನಲು ಮಕ್ಕಳು ಇರುವುದಿಲ್ಲ. ಕರಿಬಸವಯ್ಯನ ಪಾಲಿನ ಸ್ವರ್ಗ ಅಷ್ಟೇ.

ಬೆಳಿಗ್ಗೆ ಬರೆದ ಮುಖ ನೋಡಿ ಮರಿಯಪ್ಪ ತಲೆ ಕೆರೆದುಕೊಂಡ. "ಚೆಂದಾಗೇನೋ ಅದೆ ಕಣ ಬಸವಯ್ಯ. ಆದ್ರೆ ಅಪ್ಪ ಅಲ್ಲ ಇದು. ಮೂಗು ವಸಿ ಉದ್ದ ಮಾಡ್ಬುಡು."

ಮೂಗು ಉದ್ದವಾಯಿತು.

"ಥೂ, ಇದು ನಮ್ ಸೋದರಮಾವ ಕಣ!"

ಸೋದರಮಾವನನ್ನು ಅಳಿಸುತ್ತಿರುವಾಗ ಎದುರಂಗಡಿಯ ಕ್ಷೌರಿಕ ಚಿಕ್ಕಬೀರಯ್ಯ, ಅರ್ಧ ಗಡ್ಡದ ಗಿರಾಕಿಯನ್ನು ಕೂರಿಸಿ, ಕತ್ತಿ ಹಿಡಿದುಕೊಂಡೇ ಬಂದ. "ಮಚ್ಚೆ ಎಲ್ಲಪ್ಪ? ಬಲಗಡೆ ಕೆನ್ನೆ ಮ್ಯಾಲಿತ್ತು."

"ಎಡಗಡೆ ಕಣಯ್ಯ! ಅವರು ನನ್ನಪ್ಪನೋ ನಿನ್ನಪ್ಪನೋ?"

"ನಿಮ್ಮಪ್ಪನೇ. ಆದ್ರೆ ಮಚ್ಚೆ ಸುತ್ತ ಗಾಯ ಆಗ್ದಂಗೆ ಕತ್ತಿ ಆಡಿಸ್ತಿದ್ದೋನು ನಾನು!"

ಮಚ್ಚೆ ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಮತ್ತೆ ಬಲಕ್ಕೆ ಹೋಯಿತು. ಮೀಸೆ ಇಳಿಯಿತು, ಕಿವಿ ಬೆಳೆಯಿತು. ಅರಿಸಿನ ತಂದ ಹರದನಹಳ್ಳಿಯವರು ಗಾಡಿಯಿಂದ ಇಳಿಯದೆಯೇ ಹುಬ್ಬಿನ ಮೇಲೆ ಅಭಿಪ್ರಾಯ ಕೊಟ್ಟರು. ಅಷ್ಟೂ ಜನಕ್ಕೆ ಅದೇ ಕುಂಚದಲ್ಲಿ ಮೀಸೆ ಬಳಿದುಬಿಡೋಣ ಎನ್ನಿಸಿತು ಕರಿಬಸವಯ್ಯನಿಗೆ.

"ಯಜಮಾನ್ರೇ, ನನ್ ಬಸ್ಸು ಒಂಟೋಯ್ತದೆ!"

"ಒಂದೇ ಒಂದು ಕಣ. ಕಣ್ಣಲ್ಲಿ ವಸಿ ಕ್ವಾಪ ಬರ್ಲಿ."

ಕೋಪವನ್ನು ಕರಿಬಸವಯ್ಯ ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ. ತನ್ನದನ್ನೇ ಬರೆದ.

ಆಗಲೇ ಹಮಾಲಿಯೊಬ್ಬ ಹಿಂದೆ ಅರಿಸಿನದ ಮೂಟೆಯನ್ನು ಧೊಪ್ಪೆಂದು ಎಸೆದ. ಹಳದಿ ಧೂಳೆದ್ದು ಹಸಿ ಬಣ್ಣದ ಮೇಲೆಲ್ಲ ಕೂತಿತು. ಕರಿಬಸವಯ್ಯ ತಲೆಯ ಮೇಲೆ ಕೈಹೊತ್ತು ಕೂತ.

ಒಳಗಿನಿಂದ ಬಂದ ಮರಿಯಪ್ಪನ ತಾಯಿ ರಾಚಮ್ಮ ಗಕ್ಕನೆ ನಿಂತರು. "ಅಯ್ಯೋ ಸಿವನೇ! ದಿನಾ ಇಂಗೇ ಅರಿಸ್ನ ಮೆತ್ಕೊಂಡು, ಇಂಗೇ ಕ್ವಾಪ ಮಾಡ್ಕೊಂಡು ಒಳಕ್ಕೆ ಬತ್ತಿದ್ರು ಕಣಪ್ಪ!" ಎಂದು ಅತ್ತರು. ಮರಿಯಪ್ಪನೂ ಕಣ್ಣೊರೆಸಿಕೊಂಡ. ಚಿಕ್ಕಬೀರಯ್ಯ ಮಚ್ಚೆಯ ಮಾತೆತ್ತಲಿಲ್ಲ.

ಗೆದ್ದೆನೆಂದುಕೊಂಡು ಕರಿಬಸವಯ್ಯ ಕೈ ತೊಳೆಯಲು ಹಿತ್ತಲಿಗೆ ಓಡಿದ. ಬರುವಷ್ಟರಲ್ಲಿ ಬೋರ್ಡು ನಡುಮನೆ ಸೇರಿ, ವಿಭೂತಿ, ಹೂವು, ಕರ್ಪೂರ ಎಲ್ಲ ಆಗಿಹೋಗಿತ್ತು. ಅದರ ಮುಂದೆ ಅವನ ಕುಂಚದ ಡಬ್ಬಿಗೂ ವಿಭೂತಿ ಹಚ್ಚಿ ಹೂವಿಟ್ಟಿದ್ದರು.

"ಅವ್ವಾ, ನನ್ ಡಬ್ಬಿ!"

"ಪೂಜೆಗಿಟ್ಟಿವ್ನಿ ಕಣಪ್ಪ. ಇವತ್ತು ಕದಲಿಸ್ಬಾರ್ದು. ನಾಳೆ ಬೆಳಿಗ್ಗೆ ಎತ್ಕೋ."

ಬೀದಿಯ ಕೊನೆಯಲ್ಲಿ ಗುಂಡ್ಲುಪೇಟೆ ಬಸ್ಸು ಹಾರ್ನ್ ಹೊಡೆದು ಹೊರಟಿತು. ಹಿಡಿದರೂ ಏನು ಪ್ರಯೋಜನ, ಕುಂಚವಿಲ್ಲದೆ ಹೋದವನಿಗೆ ಟೆಂಟಿನವರು ಟಿಕೆಟ್ ತಗೊಂಡು ಒಳಗೆ ಹೋಗು ಎನ್ನುತ್ತಾರೆ. ಕರಿಬಸವಯ್ಯ ಜಗುಲಿಯ ಮೇಲೆ ಕುಸಿದ.

ಮರಿಯಪ್ಪ ಪಕ್ಕದಲ್ಲಿ ಬಂದು ಕೂತು, ಒಳಗೆ ಕೇಳಿಸದಂತೆ ಪಿಸುಗುಟ್ಟಿದ:

"ಪೂಜೆ ಮಾಡಿದ್ದನ್ನ ಬೀದೀಲಿ ನೇತಾಕಕ್ಕಾದದಾ? ನಾಳೆ ಇನ್ನೊಂದು ಬರ್ಕೊಡು. ಒಂದೇ ಒಂದು ಸಣ್ಣ ತಿದ್ದುಪಡಿ ಕಣ ಬಸವಯ್ಯ. ಅದ್ರಲ್ಲಿ ಅಪ್ಪ ಅಪ್ಪನಂಗೆ ಕಾಣ್ಬಾರ್ದು. ಕಂಡ್ರೆ ಅವ್ವ ಅದ್ನೂ ಒಳಕ್ಕೆ ತಕ್ಕೊಂಡೋಗ್ಬುಡ್ತಳೆ!"