ಕಿಂಯ್ ಅನ್ನೋ ಕಾರಿನ್ಯಾಗ ಇಂಟರ್‌ವ್ಯೂಕ್ಕ ಹೋಗಿದ್ದು

ಬ್ಯಾರೆಯವರ ಮನಿಯೊಳಗ ಮುಂಜಾನೆ ಕುಕ್ಕರ್ ಕೂಗತೈತ್ರಿ, ನಮ್ಮ ಮನಿಯೊಳಗ ಕಾರು ಕೂಗತಿತ್ತು. ಅದು ಕೂಗಿದ ದಿವಸ ಏನರ ಒಂದು ಫಜೀತಿ ಆಗಲೇಬೇಕು. ಒಂದು ಮುಗೀತಪಾ ಅನ್ನೂದ್ರಾಗ ಇನ್ನೊಂದು ಬಾಗಲದಾಗ ನಿಂತಿರತಿತ್ತು.

ನಾವು ಗುಲಬರ್ಗಾ ಕಡೆಯವರು. ಮಾವನವರು ಸರಕಾರಿ ನೌಕರಿ ಅಂತ ಹೈದರಾಬಾದಿಗೆ ಬಂದು ತಾರ್ನಾಕದಾಗ ಮನಿ ಕಟ್ಟಿಸಿ ಅಲ್ಲೇ ರಿಟೈರ್ ಆದವರು. ಊರಿಗೆಲ್ಲ ಕಂಪ್ಯೂಟರ್ ಹುಚ್ಚು ಹಿಡಿದ ಕಾಲ ಅದು. ಎರಡು ಮಕ್ಕಳ ತಾಯಿ ನಾನೂ ಅಮೀರ್‌ಪೇಟಿಗೆ ಬಸ್ ಹತ್ತಿ ಹೋಗಿ ಕ್ಲಾಸಿನ್ಯಾಗ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತೆ. ಅಂದ್ರ ಬ್ಯಾರೆಯವರು ಬರದ ಪ್ರೋಗ್ರಾಮಿನ್ಯಾಗ ತಪ್ಪು ಹುಡುಕೋ ಕೆಲಸ. ಸೊಸಿ ಅಂತ ಬಂದಾಗಿಂದ ತಪ್ಪು ಹೇಳಿಸಿಕೊಂಡು ಸಾಕಾಗಿತ್ತು, ಇನ್ನ ಹುಡುಕೋ ಪಾಳಿ ನಂದು ಅಂತ ಖುಷಿ ಆಗಿತ್ತು.

ಆದ್ರ ಎರಡು ಕಂಪನಿಯವರು "ಈ ವಯಸ್ಸಿನ್ಯಾಗ ಯಾಕ್ರಿ ಮೇಡಂ?" ಅಂತ ಕಳಿಸಿಬಿಟ್ರು. ಮೂರನೇದು ಗಚ್ಚಿಬೌಲಿಯೊಳಗ, ಸೋಮವಾರ ಹತ್ತು ಗಂಟೆಕ್ಕ. ಇದೂ ಹೋದ್ರ ಪುಸ್ತಕ ಎಲ್ಲ ಅಟ್ಟಕ್ಕ ಒಗೆದುಬಿಡತೀನಿ ಅಂತ ಆಣಿ ಮಾಡಿದ್ದೆ.

ಮಾವನವರು ಹೇಳಿಬಿಟ್ರು, "ನನ್ನ ಸೊಸಿ ಆಟೋದಾಗ ಹೋಗೂದಿಲ್ಲ. ನನ್ನ ಕಾರಿನ್ಯಾಗ ಹೋಗತಾಳ."

ಆ ಕಾರು ಬ್ಯಾಡ ಅಂದ್ರ ಮಾವನವರನ್ನ ಬ್ಯಾಡ ಅಂದಂಗ. ಅದಕ್ಕ ಸೋಮವಾರದೊಳಗ ಅದರ ಕೂಗು ಬಿಡಿಸಲೇಬೇಕಾತು.

ಲಟ್ಟಣಿಗಿ

ಇಂಜಿನ್ನಿನ ಯಾವ ಭಾಗ ಕೂಗತೈತಿ ಅಂತ ತಿಳೀಬೇಕಾದ್ರ ಕೋಲಿನ ಒಂದು ತುದಿ ಅದಕ್ಕ ಹಚ್ಚಬೇಕು, ಇನ್ನೊಂದು ತುದಿ ಕಿವಿಗೆ ಹಚ್ಚಬೇಕು ಅಂತ ಮಾವನವರಿಗೆ ಯಾರೋ ಹೇಳಿದ್ರು. ಅವರು ಅಡಗಿಮನಿಯಿಂದ ಲಟ್ಟಣಿಗಿ ಎತ್ತಿಕೊಂಡು ಹೋದ್ರು. ನಾನು ಕಾರು ಚಾಲೂ ಮಾಡಿ ಕೂತೆ. ಅವರು ಬಾನೆಟ್ಟಿನೊಳಗ ಬಗ್ಗಿ, ಕಣ್ಣು ಮುಚ್ಚಿ, ಡಾಕ್ಟರ್ ಗತೆ ಇಂಜಿನ್ನಿನೊಳಗ ತಿರಗೋ ಒಂದೊಂದೇ ಗಾಲಿಯ ನಾಡಿ ನೋಡಿದ್ರು. ತಿರಗೋ ಫ್ಯಾನು ಅವರ ಮೂಗಿನ ಮುಂದ! ನನಗ ಜೀವ ಕೈಯಾಗ ಹಿಡಕೊಂಡಂಗ ಆಗಿತ್ತು.

"ಬೆಲ್ಟ್! ಗಾಲಿ ತಿರಗಸೋ ಬೆಲ್ಟೇ ಸವದೈತಿ!" ಅಂತ ಕೂಗಿದ್ರು.

ಒಳಗ ಅತ್ತಿ ಲಟ್ಟಣಿಗಿ ಕಾಣವಲ್ದು ಅಂತ ಮನಿಯೆಲ್ಲ ತಡಕ್ಯಾಡಿ ಹೊರಗ ಬಂದು ಇದನ್ನ ನೋಡಿದ್ರು. ಲಟ್ಟಣಿಗಿ ಕಸಗೊಂಡು ಒಳಗ ಹೋದ್ರು. ಅವತ್ತು ಮಾವನವರ ತಾಟಿನ್ಯಾಗ ಬಿದ್ದ ಚಪಾತಿಗಷ್ಟೇ ಅಲ್ಲೊಂದು ಇಲ್ಲೊಂದು ಕರೀ ಪಟ್ಟಿ. ಅವರು ಎತ್ತಿ ನೋಡಿ "ಇದೇನಿದು?" ಅಂದ್ರ, ಅತ್ತಿ ಹೇಳಿದ್ರು: "ಕಿವಿಗೆ ಹಚ್ಚಿ ಕೇಳ್ರಿ, ತಿಳೀತೈತಿ."

ಹೊಸಾ ಬೆಲ್ಟು, ಹಳೇ ಹಾಡು

ಓಣಿಯ ಮೂಲಿಯೊಳಗ ಒಬ್ಬ ಮೆಕ್ಯಾನಿಕ್ ಇದ್ದ. ಎಲ್ಲಾರೂ ಉಸ್ತಾದ್ ಅಂತಿದ್ರು. ಬಂದು ನೋಡಿದ. "ಬೆಲ್ಟ್ ಖಲಾಸ್, ಸಾಬ್," ಅಂದ. ಹೊಸಾದು ಹಾಕಿದ. ಹಳೇದನ್ನ ಮಾವನವರು ಹೊತ್ತಿಗೆ ಬೇಕಾಗತೈತಿ ಅಂತ ಡಿಕ್ಕಿಯೊಳಗ ಇಟ್ರು. ಉಸ್ತಾದ್ ಚಹಾ ಕುಡದು ಗೇಟು ದಾಟಿರಲಿಲ್ಲ, ಕಾರು ಕಿಂಯ್ ಅಂತು.

"ಹೊಸಾದಲ್ರಿ, ಹೊಂದಿಕೊಳ್ಳಾಕ ಟೈಮ್ ಬೇಕು," ಅಂದ.

ನನಗ ಸಿಟ್ಟು ಬಂತು. ಶನಿವಾರ ಸಂಜಿ ಆಗಿತ್ತು, ಟೈಮ್ ಎಲ್ಲೆ ಐತಿ? "ಒಂದು ಸಾಮಾನು ಬದಲಿ ಮಾಡಿದ್ರೂ ತಪ್ಪು ಹೋಗಿಲ್ಲ ಅಂದ್ರ ತಪ್ಪು ಅದರದಲ್ಲ. ಅಮೀರ್‌ಪೇಟಿನ್ಯಾಗ ಮೊದಲನೇ ದಿವಸ ಕಲಿಸಿದ್ದೇ ಇದು. ಬೆಲ್ಟ್ ಬಿಚ್ಚು, ಒಂದೊಂದೇ ಗಾಲಿ ಕೈಯಿಂದ ತಿರಗಸು," ಅಂದೆ.

ಬಿಚ್ಚಿದ. ದೊಡ್ಡ ಗಾಲಿಗಳು ಬೆಣ್ಣಿಯಂಗ ತಿರಗಿದ್ವು. ಬೆಲ್ಟ್ ಬಿಗಿ ಇಡೋ ಸಣ್ಣ ಗಾಲಿ ಐತಲ್ಲ, ಅದಕ್ಕ ಕೈ ಹಚ್ಚಿದ್ದೇ ತಡ, ಅನ್ನದಾಗ ಹಳ್ಳು ಕಡಿದಂಗ ಕರಕರ ಅಂತು. ಅದರ ಬೇರಿಂಗ್ ಪೂರಾ ಸವದುಹೋಗಿತ್ತು. ಹೊಸಾ ಗಾಲಿ ಹಾಕಿದ ಮ್ಯಾಲೆ ಕಾರಿನ ಬಾಯಿ ಬಂದ್ ಆತು. ಮಾವನವರ ಮಾರಿ ಅರಳಿತು. ನನಗೂ ಒಂಚೂರು ಧೈರ್ಯ ಬಂತು.

ಉಸ್ತಾದ್ ಕೈ ಒರಸಿಕೊಂಡು, "ನಾನೂ ಅದನ್ನೇ ಹೇಳಾಕ ಹೊಂಟಿದ್ದೆ, ನೀವ ಮೊದಲ ಅಂದ್ರಿ," ಅಂದ. ಆಮ್ಯಾಲೆ ಹಗೂರಕ ಕೇಳಿದ, "ಅಮ್ಮಾ, ಆ ಅಮೀರ್‌ಪೇಟಿನ ಕ್ಲಾಸ್ ಮುಂಜಾನೇನೋ ಸಂಜಿಕೋ?"

ದುಡಿಯೋ ಜಾಗಾಕ್ಕ ಹಾರ

ಸೋಮವಾರ ಬೆಳಿಗ್ಗೆ ನಾನು ರೇಷ್ಮಿ ಸೀರಿ ಉಟ್ಟು, ಮನಸಿನ್ಯಾಗ ಉತ್ತರ ಒಪ್ಪಿಸಿಕೋತ ಬಂದು ಕೂತೆ. ಮಾವನವರು ಇಸ್ತ್ರಿ ಮಾಡಿದ ಬಿಳೀ ಜುಬ್ಬಾ, ಬಿಳೀ ಪೈಜಾಮ. ಅತ್ತಿ ಕಾರಿಗೆ ಪೂಜಾ ಮಾಡಿ ಕಳಿಸಿದ್ರು.

ಮೆಹದಿಪಟ್ನಂ ದಾಟಿ, ಎರಡೂ ಕಡೆ ಬರೇ ಬಂಡಿಗಲ್ಲು ಕಾಣೋ ರಸ್ತಾಕ್ಕ ಬಂದಿದ್ವಿ. ಬಾನೆಟ್ಟಿನ ಸಂದಿಯಿಂದ ಒಂದು ಚಂಡು ಹೂವಿನ ಎಸಳು ಹಾರಿ ಗಾಜಿಗೆ ಬಡೀತು. ಆಮ್ಯಾಲೆ ಹತ್ತು. ಆಮ್ಯಾಲೆ ಅಕ್ಷತಾ ಚೆಲ್ಲಿದಂಗ ರಪರಪ ಬಿದ್ವು. ಫಟ್ ಅಂತ ಸಪ್ಪಳ ಆತು, ಇಂಜಿನ್ ಕಾವಿನ ಮುಳ್ಳು ಸರ್ ಅಂತ ಮ್ಯಾಲೇರಿತು.

ಬಾನೆಟ್ ಎತ್ತಿದ್ರ ಹಾರದ ದಾರ ಗಾಲಿಗೆಲ್ಲ ಸುತ್ತಿಕೊಂಡು ಬೆಲ್ಟ್ ಹರದು ಬಿದ್ದಿತ್ತು. ಅತ್ತಿ ಬಾನೆಟ್ಟಿನ ಒಳಗ ಹಾರ ಕಟ್ಟಿದ್ರು! ಮನಿಗೆ ಹೋದ ಮ್ಯಾಲೆ ಕೇಳಿದ್ದಕ್ಕ, "ಹೊರಗಿನ ತಗಡಿಗೆ ಹಾರ ಹಾಕಿ ಏನ ಮಾಡೋದು? ದುಡಿಯೋದು ಒಳಗಿಂದಲ್ಲೇನು?" ಅಂದ್ರು.

"ಹೆದರಬ್ಯಾಡ, ಹಳೇ ಬೆಲ್ಟ್ ಐತಿ," ಅಂತ ಮಾವನವರು ಡಿಕ್ಕಿ ತೆಗದ್ರು. ಪೂಜಾ ಮಾಡಿದ ಗಾಡಿಯೊಳಗ ಹರಕು ಸಾಮಾನು ಇರಬಾರದು ಅಂತ ಅತ್ತಿ ಅದನ್ನ ತೆಗದು, ಆ ಜಾಗಾದಾಗ ಒಂದು ತೆಂಗಿನಕಾಯಿ ಇಟ್ಟಿದ್ರು.

ಎರಡೂ ಕೈ ಮ್ಯಾಲೆ

ಹೋಗೋ ಆಟೋ ಎಲ್ಲ ತುಂಬಿ ತುಳಕತಿದ್ವು. ಒಂದೂ ನಿಲ್ಲಲಿಲ್ಲ. ಗಡಿಯಾರ ನೋಡಿದ್ರ ಕಣ್ಣಾಗ ನೀರು ಬಂತು. "ಮಾವಾ, ಸೆರಗು ಹರದು ಕೊಡಲೇನು, ಬೆಲ್ಟ್ ಜಾಗಾದಾಗ ಕಟ್ಟೋಣು?" ಅಂದೆ.

"ಹರಕು ಸೀರಿ ಉಟ್ಟು ಇಂಟರ್‌ವ್ಯೂಕ್ಕ ಹೋಗತೀಯೇನು? ಆ ಕಡೆ ಮಾರಿ ಮಾಡು," ಅಂದ್ರು.

ಮಾಡಿದೆ. ತಿರುಗಿ ನೋಡಿದ್ರ ಮಾವನವರ ಎಡಗೈ ಜುಬ್ಬಾದ ಮ್ಯಾಲಿಂದ ಸೊಂಟ ಹಿಡಕೊಂಡಿತ್ತು, ಬಲಗೈಯಾಗ ಪೈಜಾಮದ ಲಾಡಿ ಜೋತಾಡತಿತ್ತು. ಓಣಿಯೊಳಗ ಯಾರ ಮುಂದೂ ಬರಿಗಾಲಿನ್ಯಾಗ ಸೈತ ನಿಲ್ಲದ ಮನಶ್ಯಾರು ಅವರು! ಇಂಜಿನ್ ಆರಿದ ಮ್ಯಾಲೆ ಬಾಟಲಿ ನೀರು ಸುರುವಿ, ಲಾಡಿಯನ್ನ ಹುರಿ ಮಾಡಿ ಬೆಲ್ಟ್ ಜಾಗಾದಾಗ ಗಾಲಿಗಳ ಸುತ್ತ ಬಿಗದು ಗಂಟು ಹಾಕಿದೆ. ಮಾವನವರು ಗೇರ್ ಹಾಕೂದಕ್ಕ ಒಂದು ಕೈ, ಸ್ಟೀರಿಂಗಿಗೆ ಒಂದು ಕೈ, ಪೈಜಾಮ ದೇವರ ಮ್ಯಾಲೆ ಬಿಟ್ಟು ಹೊಂಟ್ರು. ನಾನು ಕಾವಿನ ಮುಳ್ಳು ನೋಡಿಕೋತ ಉತ್ತರ ಎಲ್ಲ ಮರತೆ.

ಕಂಪನಿ ಗೇಟಿನ ಮುಂದ ಲಾಡಿ ಹರೀತು. ಮುಟ್ಟಿದ್ವಿ, ಸಾಕು! ಆದ್ರ ಆ ಗೇಟಿನ್ಯಾಗ ಕಾವಲುಗಾರ ಕೈಯಾಗ ಪೀಂ ಅನ್ನೋ ಕೋಲು ಹಿಡಕೊಂಡು ಎಲ್ಲಾರನ್ನೂ ಸವರಿ ಒಳಗ ಬಿಡತಿದ್ದ.

"ಚಾಚಾ, ದೋನೋ ಹಾಥ್ ಊಪರ್," ಅಂದ. ಎರಡೂ ಕೈ ಮ್ಯಾಲೆತ್ತಬೇಕಂತ.

ಮಾವನವರು ಬಲಗೈ ಎತ್ತಿದ್ರು.

"ದೂಸ್ರಾ ಭೀ," ಅಂದ. ಇನ್ನೊಂದೂ ಎತ್ತಬೇಕಂತ.

ಬಲಗೈ ಇಳಿಸಿ ಸೊಂಟ ಹಿಡದು, ಎಡಗೈ ಎತ್ತಿದ್ರು. ಕಾವಲುಗಾರನ ಮಾರಿ ಬದಲಾತು. ಜುಬ್ಬಾದ ಕೆಳಗ ಮುದುಕ ಏನು ಒತ್ತಿ ಹಿಡಕೊಂಡಾನ? ಸೀಟಿ ಊದಿದ. ಇನ್ನಿಬ್ಬರು ಓಡಿ ಬಂದ್ರು. ನಾನು ಬಿಡಿಸಿ ಹೇಳಾಕ ಹೋದ್ರ ಮಾವನವರು ಗದರಿದ್ರು, "ನನ್ನ ಚಿಂತಿ ಬಿಡು, ನೀ ಹೋಗು! ಹತ್ತು ಆಗಾಕ ಬಂತು!"

ಇಂಟರ್‌ವ್ಯೂ ತಗೊಂಡ ಸಾಹೇಬರು ಮೊದಲ ಅದನ್ನೇ ಕೇಳಿದ್ರು, "ಈ ವಯಸ್ಸಿನ್ಯಾಗ ಯಾಕ?" ಆಮ್ಯಾಲೆ, "ನೀವು ಎಂದರ ಒಂದು ಖರೆ ತಪ್ಪು ಹುಡುಕೀರೇನು?"

ಒಪ್ಪಿಸಿದ ಉತ್ತರ ಒಂದೂ ನೆನಪಿಗೆ ಬರಲಿಲ್ಲ. ಕಾರಿನ ಕಥಿ ಹೇಳಿದೆ: ಬೆಲ್ಟ್, ಸಣ್ಣ ಗಾಲಿ, ಹಾರ, ಲಾಡಿ. ಸಾಹೇಬರು ನಗಲಿಲ್ಲ. ಎದ್ದು ಕಿಟಕಿಗೆ ಹೋಗಿ, "ಲಾಡಿ ಕೊಟ್ಟವರು ಅವರೇನು?" ಅಂತ ಕೇಳಿದ್ರು. ನಾನೂ ಬಗ್ಗಿ ನೋಡಿದ್ರ ಕೆಳಗ ಮೂರು ಮಂದಿ ಕಾವಲುಗಾರರ ನಡಕ ಮಾವನವರು ಇನ್ನೂ ಒಂದು ಕೈ ಎತ್ತಿಕೊಂಡು ನಿಂತಿದ್ರು. ಆವಾಗ ಸಾಹೇಬರು ನಕ್ಕರು ನೋಡ್ರಿ, ಕುರ್ಚಿ ಹಿಡಕೊಂಡು ನಕ್ಕರು. "ಒಂದನೇ ತಾರೀಖಿನಿಂದ ಬರ್ರಿ. ಮೊದಲ ಅವರನ್ನ ಬಿಡಿಸಿಕೊಂಡು ಹೋಗ್ರಿ," ಅಂದ್ರು.

ಪಾವಟಿಗಿ ಹೆಂಗ ಇಳದೆನೋ ಗೊತ್ತಿಲ್ಲ. ದೂರಿಂದಲೇ ಚೀರಿದೆ, "ಮಾವಾ! ನೌಕರಿ ಸಿಕ್ತು!"

"ಶಾಭಾಸ್ ನನ್ನ ಮಗಳೇ!" ಅಂತ ಮಾವನವರು ಎರಡೂ ಕೈ ಮ್ಯಾಲೆತ್ತಿದ್ರು.

ಜುಬ್ಬಾ ಉದ್ದ ಇತ್ತು, ದೇವರು ದೊಡ್ಡವ. ಕಾವಲುಗಾರ ಕೆಳಗ ಬಿದ್ದ ಪೈಜಾಮ ನೋಡಿದ, ಮ್ಯಾಲಿನ ಎರಡೂ ಕೈ ನೋಡಿದ, ಕೋಲು ಒಂದು ಸಲ ಸವರಿ ಹೇಳಿದ: "ಹೋ ಗಯಾ ಚಾಚಾ, ಈಗ ಒಳಗ ಹೋಗ್ರಿ."