ಒಂದು ಸಲವೂ ಬೀಳದವನು

ಸೆಂಟ್ರಿಂಗ್ ಮೇಸ್ತ್ರಿ ದುರುಗೇಶ ಕಾಂಕ್ರೀಟ್ ಅಚ್ಚಿನ ಶೀಟುಗಳಿಗೆ ಸುಟ್ಟ ಆಯಿಲ್ ಬಳಿಯುತ್ತಿದ್ದಾಗ ಸೈಟ್ ಆಫೀಸಿನಿಂದ ಫೋನು ಬಂತು. ಎರಡು ತಿಂಗಳಿಂದ ಕೇಳುತ್ತಿರುವ ಕಾಗದ ಇವತ್ತು ಐದು ಗಂಟೆಯೊಳಗೆ ಬರದಿದ್ದರೆ, ನಾಳೆಯಿಂದ ಅವನಿಗೂ ಅವನ ನಾಲ್ಕು ಆಳುಗಳಿಗೂ ಗೇಟು ಬಂದ್ ಎಂದು ಗುಮಾಸ್ತೆ ಸಂಧ್ಯಾರಾಣಿ ಮೆಲುದನಿಯಲ್ಲಿ ಹೇಳಿದಳು. ಅವಳು ಮೆಲ್ಲಗೆ ಮಾತಾಡಿದಳೆಂದರೆ ಅಪೀಲಿಲ್ಲ.

ಸಾಸ್ವೆಹಳ್ಳಿ ಹತ್ತಿರ ಹೊಳೆಗೆ ದೊಡ್ಡ ಸೇತುವೆ ಏಳುತ್ತಿತ್ತು. ಬೇರೆ ಕಡೆ ಒಬ್ಬೊಬ್ಬ ಮೇಸ್ತ್ರಿಯೂ ತನ್ನ ಆಳುಗಳಿಗೆ ತಾನೇ ವಿಮೆ ಮಾಡಿಸಬೇಕು. ಇಲ್ಲಿ ಕಂಪನಿಯೇ ಇಡೀ ಕೆಲಸಕ್ಕೆ ಒಂದೇ ವಿಮೆ ಮಾಡಿಸಿತ್ತು. ಕಂಬಿ ಕಟ್ಟುವವರು, ಕಾಂಕ್ರೀಟ್ ಹಾಕುವವರು, ಸೆಂಟ್ರಿಂಗಿನವರು, ಎಲ್ಲರೂ ಒಂದೇ ಚಪ್ಪರದಡಿ ಕೂತ ಬೀಗರ ಹಾಗೆ. ಒಳಗೆ ಸೇರಲು ಪ್ರತಿ ಮೇಸ್ತ್ರಿಯೂ ಒಂದು ಕಾಗದ ಬರೆದುಕೊಡಬೇಕಿತ್ತು. ಹೆಸರು, ಆಳುಗಳೆಷ್ಟು, ಕೊನೆಗೆ ಒಂದು ಪ್ರಶ್ನೆ: ಹತ್ತು ವರ್ಷದಲ್ಲಿ ಕೆಲಸದ ಮೇಲೆ ಎಷ್ಟು ಸಲ ಬಿದ್ದಿದ್ದೀರಿ?

ದುರುಗೇಶ ಸಿಕ್ಕಿಕೊಂಡಿದ್ದೇ ಅಲ್ಲಿ. ಚನ್ನಗಿರಿಯಲ್ಲಿ ಸಜ್ಜದಿಂದ ಮರಳಿನ ಗುಡ್ಡೆಗೆ, ನ್ಯಾಮತಿಯಲ್ಲಿ ಏಣಿಯಿಂದ ಮನೆ ಯಜಮಾನರ ಮೇಲಕ್ಕೇ, ಜಗಳೂರಿನಲ್ಲಿ ನೀರಿನ ಟ್ಯಾಂಕಿನೊಳಕ್ಕೆ ಬಿದ್ದಿದ್ದ. ಉಬ್ರಾಣಿಯಲ್ಲಂತೂ ನೆಲದ ಮೇಲೆ ನಿಂತಲ್ಲೇ ಬಿದ್ದಿದ್ದ. ಹಣ್ಣೆಲೆಯಾದರೂ ಒಂದೇ ಸಲ ಬೀಳುತ್ತದೆ, ನಾನು ಅದಕ್ಕಿಂತ ಕಡೆ ಎಂದುಕೊಂಡ. ಇಂಥವನನ್ನು ಯಾವ ವಿಮೆಯವರು ಹತ್ತಿರ ಸೇರಿಸಿಯಾರು?

ಆದರೂ ಊಟದ ಹೊತ್ತಿಗೆ ಟೀ ಶೆಡ್ಡಿನ ಬೆಂಚಿನಲ್ಲಿ ಕೂತು, ದೇವರ ಮೇಲೆ ಭಾರ ಹಾಕಿ 'ಹದಿನಾಲ್ಕು' ಎಂದು ಬರೆದ. ಕಂಬಿ ಮೇಸ್ತ್ರಿ ನನ್ನೇಸಾಬ ಹೆಗಲ ಮೇಲಿಂದ ಇಣುಕಿದ. ಕಾಂಕ್ರೀಟಿನ ಕೊಟ್ರೇಶನನ್ನೂ ಕರೆದ. ಅವರಿಬ್ಬರ ಕಾಗದ ಎಂದೋ ಆಫೀಸು ಸೇರಿತ್ತು.

"ಎಲ್ಲರಿಗೂ ಒಂದೇ ಇನ್ಶೂರೆನ್ಸ್ ಐತೆ ಮಾರಾಯ," ಎಂದ ಕೊಟ್ರೇಶ. "ನಿನ್ನ ಹದಿನಾಲ್ಕು ನೋಡಿ ನಮ್ಮದನ್ನೂ ಕಿತ್ತಾಕಿದ್ರೆ ಹೆಂಗೆ?"

ಕೊಳೆತ ಮಾವಿನಹಣ್ಣನ್ನು ನೋಡುವಂತೆ ಇಬ್ಬರೂ ಅವನನ್ನು ನೋಡಿದರು. ದನದ ಸಂತೆಯ ಹಾಗೆ ಚೌಕಾಸಿ ನಡೆಯಿತು. ಮೂರಕ್ಕಿಳಿಸು ಎಂದ ಒಬ್ಬ. ಮೂರು ಅಂದರೂ ಬಿದ್ದಂಗೇ ಅಲ್ಲವೇ ಎಂದ ಇನ್ನೊಬ್ಬ. ಮೊದಲ ಕಾಗದ ಎಳೆದಾಟದಲ್ಲಿ ಹರಿಯಿತು, ಎರಡನೆಯದಕ್ಕೆ ಅವನದೇ ಕೈಯ ಆಯಿಲ್ ಅಂಟಿತು. ಸುಳ್ಳು ಬರೆಯಲಾರೆ ಎನ್ನಲು ದುರುಗೇಶ ಜೋರಾಗಿ ಎದ್ದ. ಕಾಲಿಗೆ ಸಿಕ್ಕಿ ಬೆಂಚೂ ಜೊತೆಗೆ ಎದ್ದಿತು. ಮರುಗಳಿಗೆ ಅವನು ನೆಲದ ಮೇಲಿದ್ದ.

"ಇದನ್ನ ಲೆಕ್ಕಕ್ಕೆ ಹಿಡೀಬ್ಯಾಡ," ಎಂದು ನನ್ನೇಸಾಬ ಧೂಳು ಕೊಡವಿದ. "ಊಟದ ಹೊತ್ತಿನದು."

ಕೊನೆಗೆ ನಾಲ್ಕು ಆಳುಗಳ ಕೂಲಿ ನೆನೆದು ಮೂರನೇ ಕಾಗದದಲ್ಲಿ ದುರುಗೇಶ 'ಒಂದು ಸಲವೂ ಇಲ್ಲ' ಎಂದು ಬರೆದು, ತುಂಬಿದ ಕೊಡ ಹೊತ್ತವನಂತೆ ಹೆಜ್ಜೆ ಇಡುತ್ತಾ ಐದಕ್ಕೆ ಹತ್ತು ನಿಮಿಷವಿರುವಾಗ ಆಫೀಸು ಮುಟ್ಟಿದ.

ಸಂಧ್ಯಾರಾಣಿ ಓದಿ ಕನ್ನಡಕ ತೆಗೆದಳು. "ಒಂದ್ ಸಲನೂ ಬಿದ್ದಿಲ್ವಾ, ದುರುಗೇಶಣ್ಣ?"

"ಬೀಳಾಕೆ ಪುರುಸೊತ್ತೇ ಸಿಗಲಿಲ್ಲ ಮೇಡಂ."

ಅವಳು ಕಾಗದವನ್ನು ಕವರಿಗೆ ಹಾಕಿ ಗೋಂದು ಹಚ್ಚಿ, ಹೊನ್ನಾಳಿಯ ವಿಮೆ ಆಫೀಸಿಗೆ ಹೊರಟಿದ್ದ ಜೀಪಿನ ಡ್ರೈವರನ ಕೈಗಿತ್ತಳು. ಬಿದ್ದವರ ಹೆಸರು ವಿಮೆಯಿಂದ ತೆಗೆಯುತ್ತಾರಂತಲ್ಲ ಎಂದು ದುರುಗೇಶ ಆಗ ಮೆಲ್ಲಗೆ ಕೇಳಿದ.

"ಯಾರು ಹೇಳಿದ್ದು? ಬಿದ್ದೋರಿಗೂ ಬೀಳದೋರಿಗೂ ಇನ್ಶೂರೆನ್ಸ್ ಒಂದೇ. ಮ್ಯಾಲಕ್ಕೆ ಯಾರನ್ನ ಹತ್ತಿಸೋದು ಅಂತ ತಿಳಿಯಾಕೆ ಅದನ್ನ ಕೇಳಿದ್ದು. ನನ್ನೇಸಾಬ ಇಪ್ಪತ್ತೆರಡು ಸಲ ಅಂತ ಬರೆದಿದ್ರು, ಕೊಟ್ರೇಶ ಮೂವತ್ತು. ಇಬ್ರಿಗೂ ನೆಲದ ಮ್ಯಾಲಿನ ಕೆಲಸ ಕೊಟ್ಟೀವಿ. ನಡುಹೊಳೆ ಕಂಬದ ತುದಿಗೆ ಜನನೇ ಸಿಕ್ಕಿರಲಿಲ್ಲ. ನಾಳೆಯಿಂದ ನೀವೇ ಹತ್ತಿ."

ಬಾಗಿಲಾಚೆ ಹೊಳೆಯ ನಡುವೆ ಕಂಬ ಅರವತ್ತಡಿ ಎತ್ತರಕ್ಕೆ ನಿಂತಿತ್ತು. ಇಲ್ಲೇ ಬಿದ್ದು ತೋರಿಸಿಬಿಡೋಣವೆಂದು ದುರುಗೇಶ ಕಾಲು ಸಡಿಲ ಬಿಟ್ಟ. ಕರೆಯದಿದ್ದರೂ ಜಾರುತ್ತಿದ್ದ ಕಾಲುಗಳು ಅವತ್ತು ನೆಟ್ಟ ಗೂಟದಂತೆ ನಿಂತವು. ಅಷ್ಟರಲ್ಲಿ ಜೀಪು ಗೇಟು ದಾಟಿ, ಅವನ ಕಾಗದ ಹೊತ್ತು ಹೊನ್ನಾಳಿ ರಸ್ತೆ ಹಿಡಿಯಿತು.